ಮೈನಸ್ ಅಳಿಸುವ ಮೂರಕ್ಷರ

ಜೂನ್ 22, ಭಾನುವಾರ

ಗಂಗೊಳ್ಳಿಯಿಂದ ಬೈಂದೂರಿನವರೆಗೆ ಕಡಲಿನಲ್ಲಿ ನನ್ನನ್ನು ಕೇಳದೆ ಒಂದು ಬಂಗುಡೆಯೂ ಮಗ್ಗಲು ಬದಲಿಸುವುದಿಲ್ಲ. ಇದನ್ನು ಬೇರೆ ಯಾರಾದರೂ ಬರೆದಿಡಬೇಕಿತ್ತು. ನಮ್ಮೂರು ಬೀಜಾಡಿಯಲ್ಲಿ ಬರೆಯುವವರಿಗೆ ಹೊಟ್ಟೆಕಿಚ್ಚು, ಬರೆಯಲು ಬಾರದವರಿಗೆ ಮಾತ್ರ ನನ್ನ ಮೇಲೆ ಗೌರವ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಮ್ಮ ನಾಡದೋಣಿ ಈ ಮಳೆಗಾಲಕ್ಕೆ ಇಳಿದು ವಾರವಾಯಿತು. ಹನ್ನೆರಡು ಜನ, ಹನ್ನೆರಡು ಪಾಲು. ತಂಡೇಲ ನಾನು. ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು, ದುಡ್ಡು ಯಾರ ಕೈಯಲ್ಲಿರಬೇಕು, ಮೂರೂ ನನ್ನ ಮಾತೇ. ದಡದಲ್ಲಿ ಮೀನು ಏಲಂ ಕೂಗಿ ವ್ಯಾಪಾರಿಗಳಿಂದ ದುಡ್ಡು ತಂದು ನನಗೆ ಕೊಡುವವನು ಗಣಪ. ಇಪ್ಪತ್ತು ವರ್ಷದಿಂದ ನನ್ನ ಜೊತೆಗಿದ್ದಾನೆ. ಮಾತು ಕಮ್ಮಿ. ಇಬ್ಬರ ಪಾಲಿನ ಮಾತನ್ನೂ ನಾನೇ ಆಡುವುದರಿಂದ ಕೊರತೆ ಆಗಿಲ್ಲ.

ಹಳೆ ಬಲೆ ಈ ವರ್ಷಕ್ಕೆ ಮುಗಿಯಿತು. ಹೊಸತಕ್ಕೆ ಮುಂಗಡ ಕೊಡಲೆಂದು ಎಲ್ಲರ ಪಾಲಿನಿಂದ ಮುರಿದಿಟ್ಟ ಬಲೆಹಣ ಕುಂದಾಪುರದ ಬ್ಯಾಂಕಿನಲ್ಲಿ ನನ್ನ ಹೆಸರಲ್ಲಿದೆ. ಮೂರು ಲಕ್ಷ ಇದೆ ಎಂದು ದಡದಲ್ಲಿ ಹೇಳಿದ್ದೇನೆ. ಇರುವುದು ಅಷ್ಟಿಲ್ಲ. ಆದರೆ ತಂಡೇಲನ ಮಾತಿಗೆ ಒಂದು ತೂಕ ಬೇಡವೇ?

ಜೂನ್ 24

ಪ್ರತಿ ಭಾನುವಾರ ದೋಣಿಯ ಚಪ್ಪರದಡಿ ವಾರದ ಲೆಕ್ಕಕ್ಕೆ ಕೂತರೆ ಕತ್ತಲಾಗುವವರೆಗೆ ಜಗಳ. ಇನ್ನು ಅದಿಲ್ಲ. ತಂಗಿ ಜಲಜಳ ಮಗಳು ಧನ್ಯಶ್ರೀ ಕುಂದಾಪುರದಲ್ಲಿ ಬಿಸಿಎ ಓದುತ್ತಿದ್ದಾಳೆ. ನನ್ನ ಫೋನಿನಲ್ಲಿ ಲೆಕ್ಕ ಮಾಡುವ ಒಂದು ಸ್ಕ್ರಿಪ್ಟ್ ಬರೆದು ಕೊಟ್ಟಳು. ಮೀನು ಮಾರಿದ ದುಡ್ಡು ಒತ್ತಬೇಕು, ಸೀಮೆಎಣ್ಣೆ, ಮಂಜುಗಡ್ಡೆ, ಚಾ ತಿಂಡಿಯ ಖರ್ಚು ಒತ್ತಬೇಕು. ಅದೇ ಕಳೆದು, ಹನ್ನೆರಡರಿಂದ ಭಾಗಿಸಿ ಪಾಲು ಹೇಳುತ್ತದೆ. ಒಂದು ವಾರ ಖರ್ಚು ಹೆಚ್ಚಾದರೆ ಮುಂದಿನ ವಾರದ ದುಡ್ಡಿನಿಂದ ಅದನ್ನು ಮುರಿದುಕೊಳ್ಳುತ್ತದೆ.

ಸ್ಕ್ರಿಪ್ಟ್ ಬರೆಯುವ ಕಂಪ್ಯೂಟರ್ ಭಾಷೆಯನ್ನು ಕಟ್ಟಿದವರು ಕೆಲವು ಶಬ್ದಗಳನ್ನು ಮೊದಲೇ ಅದರ ಹೊಟ್ಟೆಯೊಳಗೆ ಇಟ್ಟಿದ್ದಾರಂತೆ. ಹೆಸರು ಹಿಡಿದು ಕರೆದು ಕಂಸದಲ್ಲಿ ಒಂದು ಸಂಖ್ಯೆ ಕೊಟ್ಟರೆ ಸಾಕು, ತಮ್ಮ ಕೆಲಸ ಮುಗಿಸಿ ಇನ್ನೊಂದು ಸಂಖ್ಯೆ ಕೈಗಿಡುತ್ತವೆ.

"ಇದ್ ಇಂಟ್, ಮಾವ. ಚಿಲ್ರೆ ಕಡ್ದ್ ಹಾಕತ್ತ್."

"ಮೀನಿನ್ ಬಾಲ ಕೊಯ್ದಾಂಗೆ."

"ಹೌದ್. ರೌಂಡ್ ಅಂದ್ರೆ ಹತ್ರದ್ ಇಡೀ ಸಂಖ್ಯೆಗ್ ಹೋತ್ತ್. ಮಿನ್ ಸಣ್ಣದ್ ಹೆಕ್ಕತ್ತ್, ಮ್ಯಾಕ್ಸ್ ದೊಡ್ಡದ್ ಹೆಕ್ಕತ್ತ್. ರ‍್ಯಾಂಡ್ ಅಂದ್ರೆ ಬಾಯಿಗ್ ಬಂದ್ ಸಂಖ್ಯೆ ಹೇಳತ್ತ್."

ಅಡುಗೆಮನೆಯಿಂದ ಜಲಜ ಕೂಗಿದಳು: "ಅದನ್ನ್ ಫೋನಗ್ ಎಂತಕ್ ಹಾಕುದ್ ಹೆಣ್ಣೇ? ಮನೆಯಂಗೇ ಒಂದ್ ಇತ್ತಲೆ."

ನಾನು ಕೇಳಿಸದವನ ಹಾಗೆ, ಇನ್ನೊಂದು ಶಬ್ದ ಯಾವುದೆಂದು ಕೇಳಿದೆ.

"ಅದ್ ಎಬಿಎಸ್. ಮೈನಸ್ ಅಳಿಸತ್ತ್. ಇಲ್ಲಿಂದ ಕೋಟೇಶ್ವರಕ್ ಹೋದ್ರೂ, ಅಲ್ಲಿಂದ ಇಲ್ಲಿಗ್ ಬಂದ್ರೂ ದೂರ ಒಂದೇ ಅಲ್ದಾ? ಅಂಥ ಲೆಕ್ಕಕ್ಕ್ ಬೇಕಾತ್ತ್. ನಮ್ಗೆ ಬ್ಯಾಡ."

ಬೇಕೋ ಬೇಡವೋ ತಂಡೇಲನಿಗೆ ಗೊತ್ತು. ಸಾಲು ತಿದ್ದುವುದು ಹೇಗೆ ಎಂಬುದನ್ನೂ ಕಲಿತೆ. ಹಳ್ಳಿಶಾಲೆಯ ಏಳನೇ ಕ್ಲಾಸಿನ ತಲೆ ಒಂದು ಗಳಿಗೆಯಲ್ಲಿ ಕಲಿತದ್ದನ್ನು ಕಾಲೇಜಿನಲ್ಲಿ ಮೂರು ವರ್ಷ ಕಲಿಸುತ್ತಾರೆ.

ಜೂನ್ 29, ಭಾನುವಾರ

ವಾರವಿಡೀ ತೆರೆ. ಇಳಿದದ್ದೇ ಎರಡು ಸಲ. ಚಪ್ಪರದಡಿ ಎಲ್ಲರೂ ಕೂತಿದ್ದರು. ಒತ್ತಿದೆ. 7200 ಎಂದು ಬಂತು, ಅದರ ಎದುರಿಗೆ ಒಂದು ಅಡ್ಡಗೀಟು.

ನಮ್ಮ ದೋಣಿಯಲ್ಲಿ ಲುಕ್ಸಾನು ಎಂಬ ಮಾತನ್ನು ಆಡುವ ಹಾಗಿಲ್ಲ. ನನ್ನ ಸೋದರಮಾವ ತಂಡೇಲನಾಗಿದ್ದ ಕಾಲದಿಂದ ಹೀಗೆ. ಬರಿಗೈಯಲ್ಲಿ ಬಂದ ದಿನ "ಕಡಲು ಕಂಡು ಬಂದೆವು" ಎನ್ನಬೇಕು. ಆ ಶಬ್ದ ಬಾಯಿಗೆ ಬಂದರೆ ಬಲೆಗೂ ಬರುತ್ತದೆ ಎಂಬುದು ಹಿರಿಯರ ಮಾತು. ಈಗ ಅದೇ ಶಬ್ದ ಗೀಟಿನ ವೇಷ ಹಾಕಿಕೊಂಡು ನನ್ನ ಫೋನಿನಲ್ಲಿ ಕೂತಿತ್ತು.

ಗೋಪಿ ಬಗ್ಗಿ ಇಣುಕಿದ. ಪ್ರಾಯದವನು, ಎಲ್ಲದಕ್ಕೂ ಮೂಗು ತೂರಿಸುತ್ತಾನೆ. "ಕುಷ್ಟಣ್ಣ, ಎದ್ರಿಗ್ ಎಂತ ಗೀಟ್ ಅದ್?"

"ಗಾಜಿಗ್ ಗೀಚ್ ಬಿದ್ದದ್ದ್ ಮಾರಾಯ" ಎಂದು ಎದ್ದು ಚಪ್ಪರದ ಹಿಂದಕ್ಕೆ ಹೋದೆ. ಆ ಸಾಲಿನಲ್ಲಿ ಎಬಿಎಸ್ ಹಾಕಿ ಕಂಸ ಮುಚ್ಚಿದೆ. ತಿರುಗಿ ಬಂದು ಒತ್ತಿದೆ. ಗೀಟು ಹೋಯಿತು. 7200. ಪಾಲಿಗೆ ಆರುನೂರು.

ನಾನು ಸಂಖ್ಯೆಯ ಮುಖ ಮಾತ್ರ ತೊಳೆದದ್ದು. ಹೊಟ್ಟೆಯೊಳಗೆ ಫೋನಿಗೆ ನಿಜ ಗೊತ್ತಿರುತ್ತದೆ, ಮುಂದಿನ ವಾರ ತಾನೇ ಮುರಿದುಕೊಳ್ಳುತ್ತದೆ. ಎಲ್ಲರೂ ಕೈಯೊಡ್ಡಿ ಕೂತಿದ್ದರು. ಬಲೆಹಣದಿಂದ ತೆಗೆದು ಎಣ್ಣೆಯ ಬಾಕಿ ತೀರಿಸಿ, ಆರುನೂರರಂತೆ ಪಾಲು ಕೊಟ್ಟೆ. ಮುಂಗಡ ಎಂದುಕೊಂಡರಾಯಿತು.

ಜುಲೈ 13, ಭಾನುವಾರ

ಹೋದ ವಾರ ಒಳ್ಳೆ ಬೈಗೆ ಮೀನು ಸಿಕ್ಕಿತ್ತು. ಈ ವಾರ ಸಿಕ್ಕಿದ್ದು ಎರಡು ಬುಟ್ಟಿ ಸಿಗಡಿ. ನನಗೇ ಸಂಶಯವಿತ್ತು. ಆದರೆ ಒತ್ತಿದರೆ ಫೋನು ಹೇಳಿದ್ದು ಪಾಲಿಗೆ ಎಂಟುನೂರು! ಪಕ್ಕದ ಎರಡು ದೋಣಿಯವರು ಬರಿಗೈಯಲ್ಲಿ ಎದ್ದು ಹೋದರು. ನಮ್ಮವರು ನೋಟು ಎಣಿಸಿದರು. "ಕುಷ್ಟಣ್ಣನ್ ಕೈಗುಣ" ಎಂದು ಗೋಪಿ ಚಾ ಅಂಗಡಿಯಲ್ಲಿ ಹೇಳಿದನಂತೆ. ನಾನೂ ಅದನ್ನೇ ಹೇಳುತ್ತ ಬಂದಿದ್ದೇನೆ, ಈಗ ಮಷೀನೂ ಒಪ್ಪಿತು.

ಕೈಯಲ್ಲಿದ್ದ ದುಡ್ಡು ಪಾಲಿಗೆ ಸಾಲದೆ ಬ್ಯಾಂಕಿನಿಂದ ತೆಗೆದೆ. ವ್ಯಾಪಾರಿಗಳು ಕೊಡಲು ಬಾಕಿ ಇರಬೇಕು.

ಎಲ್ಲರೂ ಹೋದ ಮೇಲೆ ಗಣಪ ಉಳಿದ. "ಕುಷ್ಟಣ್ಣ, ಈ ವಾರ ಎಣ್ಣಿ ಖರ್ಚೂ ಹುಟ್ಲಿಲ್ಲೆ. ಎಂಟ್ನೂರ್ ಎಲ್ಲಿಂದ ಬಂತ್?"

"ನಿಂಗ್ ಏಲಂ ಕೂಗುಕ್ ಬತ್ತ್, ಕೂಗ್. ಲೆಕ್ಕ ನಂಗ್ ಬಿಡ್."

ಅವನು ನೋಟುಗಳನ್ನು ಮಡಚಿ, ಮತ್ತೆ ಬಿಡಿಸಿ ನೋಡಿ, ಹೋದ.

ಜುಲೈ 20

ಪಾಲಿಗೆ ಏಳುನೂರು, ಮತ್ತೆ ಬ್ಯಾಂಕಿನಿಂದಲೇ. ಕೋಟೇಶ್ವರದಲ್ಲಿ ಬಂಗಾರದ ಬಣ್ಣದ ಕಟ್ಟಿನ ಕನ್ನಡಕ ತಗೊಂಡೆ. ದೂರದ ಮೀನು ಹತ್ತಿರ ಕಾಣುತ್ತದೆ ಎಂದು ಮಕ್ಕಳಿಗೆ ಹೇಳಿದೆ, ನಂಬಿದವು.

ಆಗಸ್ಟ್ 4

ನಿನ್ನೆಯ ಪಾಲು ಐನೂರು. ಅದಕ್ಕೂ ಬ್ಯಾಂಕಿನ ದುಡ್ಡೇ.

ಇವತ್ತು ಬಲೆಯವನಿಗೆ ಮುಂಗಡ ಕೊಡಲೆಂದು ಕುಂದಾಪುರಕ್ಕೆ ಹೋದೆ. ಪಾಸ್‌ಬುಕ್ ಅಚ್ಚು ಹಾಕಿಸಿದೆ. ಹೊಸ ಕನ್ನಡಕದ ತಪ್ಪೆಂದು ತೆಗೆದು ಒರೆಸಿ ನೋಡಿದೆ. ದುಡ್ಡು ಇಲ್ಲ. ಪೂರ್ತಿ ಖಾಲಿಯಾಗಿಲ್ಲ, ಆದರೆ ಮುಂಗಡಕ್ಕೆ ಸಾಲದು. ಎಷ್ಟು ಕಡಿಮೆ ಎಂದು ಇಲ್ಲಿ ಬರೆಯುವುದಿಲ್ಲ.

ನಾನು ತೆಗೆದದ್ದು ಹೌದು. ತೆಗೆದದ್ದು ಯಾಕೆ? ಏಲಂ ದುಡ್ಡು ಪೂರ್ತಿ ಬಂದಿಲ್ಲವೆಂದು. ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಮೀನಿನ ವ್ಯಾಪಾರಿ ಸಿಕ್ಕಿದ. ಬಾಕಿ ಯಾವಾಗ ಕೊಡುತ್ತೀಯ ಎಂದೆ. "ಎಂತ ಬಾಕಿ ಮರ್ರೆ? ದಿನದ್ ದುಡ್ಡ್ ದಿನವೇ ಗಣಪನ್ ಕೈಗ್ ಕೊಟ್ಟಿದೆ" ಎಂದ.

ಮೀನು ಹೋಗಿದೆ. ವ್ಯಾಪಾರಿ ಕೊಟ್ಟಿದ್ದಾನೆ. ಫೋನು ಲಾಭ ಎನ್ನುತ್ತದೆ. ದುಡ್ಡು ನನಗೆ ಬಂದಿಲ್ಲ. ನಡುವೆ ಇರುವುದು ಒಬ್ಬನೇ. ಎಂಟುನೂರು ಎಲ್ಲಿಂದ ಬಂತೆಂದು ಕೇಳಿದ್ದ ಅಲ್ಲವೇ, ನನಗೆ ಎಷ್ಟು ಗೊತ್ತಾಗಿದೆ ಎಂದು ಅಳೆಯಲಿಕ್ಕೆ.

ಆಗಸ್ಟ್ 5

ದಡದಲ್ಲೇ ಹೇಳಿದೆ. ಪಕ್ಕದ ದೋಣಿಯವರು, ಬುಟ್ಟಿ ಹಿಡಿದು ನಿಂತ ಹೆಂಗಸರು, ಎಲ್ಲರೂ ಇದ್ದರು. ಬಲೆಹಣದಲ್ಲಿ ಎರಡು ಲಕ್ಷ ಕಾಣೆಯಾಗಿದೆ ಎಂದೆ. ಮೂರು ಇದೆ ಎಂದು ನಾನೇ ಹೇಳಿದ್ದೆ. ಈಗ ಉಳಿದದ್ದನ್ನು ಒಂದು ಎನ್ನಬೇಕಾದರೆ ಹೋದದ್ದು ಎರಡು ಆಗಲೇಬೇಕು.

"ಯಾರ್ ತೆಗ್ದದ್ದ್ ಅಂತ ಏಲಂ ಕೂಗುವವ್ನೇ ಹೇಳ್ಲಿ" ಎಂದು ಗಣಪನ ಕಡೆ ಕೈ ಮಾಡಿದೆ.

ಗಣಪ ಬುಟ್ಟಿ ಕೆಳಗಿಟ್ಟ. "ಎರ್ಡ್ ಲಕ್ಷವಾ, ಕುಷ್ಟಣ್ಣ?"

"ಹೌದ್."

"ಈ ಮಳ್ಗಾಲ್ದಗ್ ನಾವ್ ಎರ್ಡ್ ಲಕ್ಷದ್ ಮೀನ್ ಹಿಡ್ದಿತಾ?"

ಕಂಡು ನಿಂತಿದ್ದವರಿಗೆ ಎರಡು ಲಕ್ಷ ಎಂಬ ಮಾತೇ ಸಾಕಾಗಿತ್ತು. "ಬಾಯಿ ಇಲ್ದವ್ರೇ ಹೀಂಗೆ" ಎಂದು ಒಬ್ಬ ಹೇಳಿದ. ಗಣಪ ಕಡಲಿನಲ್ಲಿ ಕೈ ತೊಳೆದು, ಲುಂಗಿಗೆ ಒರೆಸಿ, ಯಾರ ಮುಖವನ್ನೂ ನೋಡದೆ ಹೋದ. ಒಳ್ಳೆಯದಾಯಿತು.

ಆಗಸ್ಟ್ 6

ಗೋಪಿ ಏಲಂ ಕೂಗಿದ. ಅವನಿಗೆ ಬರುವುದಿಲ್ಲ.

ಆಗಸ್ಟ್ 10, ಭಾನುವಾರ

ಗಣಪ ಯಾವ ವಾರ ಎಷ್ಟು ಹೊಡೆದ ಎಂದು ತೆಗೆದು ಕೊಡು, ಪಂಚಾಯಿತಿಗೆ ಕೊಡಬೇಕು ಎಂದು ಧನ್ಯಶ್ರೀಗೆ ಫೋನು ಕೊಟ್ಟೆ. ಅವಳು ಒಂದೊಂದೇ ಸಾಲು ನೋಡುತ್ತ ಹೋದಳು. ಆಮೇಲೆ, "ಮಾವ, ಈ ಸಾಲಿಗ್ ಎಬಿಎಸ್ ಯಾರ್ ಹಾಕದ್ದ್?"

"ನಾನೇ. ಗೀಟ್ ಕಾಂಬುಕ್ ಅಸಹ್ಯ ಆತ್ತಿತ್ತ್."

ಅವಳು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಏಳು ಸಾವಿರ ಕಡಿಮೆ ಬಿದ್ದ ವಾರವನ್ನು ಅದು ಏಳು ಸಾವಿರ ಹೆಚ್ಚಾದ ವಾರವೆಂದು ಓದಿದೆಯಂತೆ. ಎಷ್ಟು ದೊಡ್ಡ ನಷ್ಟವೋ ಅಷ್ಟು ದೊಡ್ಡ ಪಾಲು. ಮುಂದಿನ ವಾರ ಮುರಿದುಕೊಳ್ಳಲಿಕ್ಕೆ ಅದಕ್ಕೆ ನೆನಪೇ ಇಲ್ಲ, ನಾನೇ ಅಳಿಸಿದ್ದೆನಲ್ಲ. ಮುಖ ಬೇರೆ ಹೊಟ್ಟೆ ಬೇರೆ ಅಂತ ಅದರಲ್ಲಿ ಇಲ್ಲವಂತೆ.

"ಅಂಥ ವಾರ ನಾಕ್ ಬಂದಿತ್ತ್. ದುಡ್ಡ್ ಎರ್ಡೆರ್ಡ್ ಸಲ ಹೋಯ್ತ್ ಮಾವ. ಒಂದ್ ಸಲ ಎಣ್ಣಿ ಆಯಿ ಕಡ್ಲಿಗ್ ಹೋಯ್ತ್. ಇನ್ನೊಂದ್ ಸಲ ಪಾಲ್ ಆಯಿ ಹನ್ನೆರ್ಡ್ ಮನಿಗ್ ಹೋಯ್ತ್."

"ಗಣಪ?"

"ಅವ್ರ್ ತಂದ್ ಕೊಟ್ಟದ್ದ್ ಎಲ್ಲ ಸಮ ಇತ್ತ್. ಮತ್ತ್ ಎರ್ಡ್ ಲಕ್ಷ ಅಲ್ವೇ ಅಲ್ಲ." ಅವಳು ಒಟ್ಟು ಎಷ್ಟೆಂದು ಹೇಳಿದಳು.

ಮೂರು ಲಕ್ಷದ ತಂಡೇಲನ ಎದುರು ಅದು ಎಷ್ಟು ಸಣ್ಣ ಸಂಖ್ಯೆ. ಅಷ್ಟಕ್ಕಾಗಿ ಒಬ್ಬನನ್ನು ದಡದಲ್ಲಿ ಕಳ್ಳ ಎಂದವನು ಯಾರು ಎಂದು ಕೇಳುತ್ತಾರೆ. ಯಾರಿಗೂ ಹೇಳಬೇಡ ಎಂದೆ. ಅವಳು ಹೂಂ ಎನ್ನಲಿಲ್ಲ.

ಆಗಸ್ಟ್ 11

ಬರೆಯುವಂಥದ್ದು ಏನೂ ಆಗಲಿಲ್ಲ.

ಆಗಸ್ಟ್ 15

ಜಲಜ ತಟ್ಟೆ ಇಟ್ಟು ಹೋದಳು, ಬಡಿಸಲಿಲ್ಲ. ನಾನೇ ಬಡಿಸಿಕೊಂಡೆ.

ಅವಳೂ ಗಣಪನ ಹೆಂಡತಿ ರತ್ನಳೂ ಮೀನಿನ ಬುಟ್ಟಿ ಹಿಡಿದು ಬ್ರಹ್ಮಾವರದ ಬಸ್ಸಿಗೆ ಒಟ್ಟಿಗೆ ಹೋಗುವವರು. ಜಲಜ ಗೋಡೆಗೆ ಹೇಳುವ ಹಾಗೆ ಹೇಳಿದಳು: "ಇಷ್ಟ್ ವರ್ಷ ಒಂದೇ ಸೀಟ್. ಇವತ್ತ್ ಬ್ರಹ್ಮಾವರದ್ ವರೆಗೂ ನಿಂತ್ಕಂಡೇ ಬಂದ್ಲ್, ನನ್ ಬದಿಗ್ ಕೂರುಕಾಗ ಅಂತ. ಬಸ್ಸಗ್ ಇದ್ದವ್ರ್ ಕಳ್ಳನ್ ಹೆಣ್ತಿ ಅಂತ್ರ್. ಅವ್ಳ್ ಕೊಟ್ಟ್ ಚಿಲ್ರೆ ಎರ್ಡ್ ಸಲ ಎಣಿಸ್ತ್ರ್."

"ಧನ್ಯ ನಿಂಗ್ ಎಂತಾರೂ ಹೇಳಿದ್ಲಾ?"

"ನೀನ್ ಎಂತ ಹೇಳ್ತೆ ಅಂತ ಕಾಂತಿದ್ದೆ, ಅಣ್ಣಯ್ಯ."

ಆಗಸ್ಟ್ 17, ಭಾನುವಾರ

ಗಣಪನ ಮನೆಗೆ ಹೋದೆ. ಜಗಲಿಯಲ್ಲಿ ಚೀಲ ಕಟ್ಟುತ್ತಿದ್ದ. ಮಲ್ಪೆಯ ಒಂದು ಟ್ರಾಲ್ ದೋಣಿಗೆ ಸೇರಿದ್ದಾನಂತೆ, ನಾಳೆ ಹೊರಡುವುದು, ರತ್ನಾಗಿರಿಯ ಕಡೆ. ಐವತ್ತರ ಮೇಲೆ ಬೇರೆಯವರ ದೋಣಿಯಲ್ಲಿ ಹೊಸಬ.

ರತ್ನ ನನ್ನನ್ನು ಕಂಡು ಒಳಗೆ ಹೋದಳು. ನೀರು ಬರಲಿಲ್ಲ.

ಫೋನಿನದು ಸ್ವಲ್ಪ ತಪ್ಪಾಗಿದೆ ಮಾರಾಯ, ನಿನ್ನದಲ್ಲ ಎಂದೆ. ಅವನು ಗಂಟು ಬಿಗಿಯುತ್ತಲೇ ಇದ್ದ.

"ಧನ್ಯ ನಿನ್ನೆ ಬಂದ್ ಹೇಳಿ ಹೋಯ್ಲ್."

"ಹಂಗಾರ್ ಆಯ್ತಲೆ. ನಾಳೆಯಿಂದ ದೋಣಿಗ್ ಬಾ."

"ನೀವ್ ನೂರ್ ಜನ್ರ್ ಎದ್ರ್ ಹೇಳದ್ದ್, ಕುಷ್ಟಣ್ಣ. ಈಗ ಜಗ್ಲಿಲ್ ಕೂಕಂಡ್ ಪಿಸಿಪಿಸಿ ಅಂದ್ರೆ ಆಪುದಾ? ದಡದಗ್ ಹೇಳಿ. ಎಷ್ಟ್ ಅಂತ ಸಮ ಹೇಳಿ. ಎಷ್ಟ್ ಅಂತ ಹೇಳ್ದೆ ನನ್ ಮೇಲಿನ್ ಕಳ್ಳ ಅಂಬು ಹೆಸ್ರ್ ಹೋಪುದಿಲ್ಲ."

"ಹೇಳ್ತೆ."

"ನಾನ್ ಇಪ್ಪುದಿಲ್ಲ. ರತ್ನ ಇಲ್ಲೇ ಇರತ್ತ್."

ಆಗಸ್ಟ್ 18

ಹೇಳಿದೆ. ಫೋನು ತಪ್ಪು ಲೆಕ್ಕ ಕೊಟ್ಟಿತು, ದುಡ್ಡು ಪಾಲಿನಲ್ಲಿ ಎಲ್ಲರಿಗೂ ಹಂಚಿಹೋಗಿದೆ, ಗಣಪನದ್ದು ಏನೂ ಇಲ್ಲ ಎಂದೆ. ಇಲ್ಲಿಯವರೆಗೆ ಸರಿಯಾಗಿಯೇ ಬಂತು.

"ಒಟ್ ಎಷ್ಟ್ ಹಂಚಿಹೋದ್ದ್?" ಎಂದು ಗೋಪಿ ಕೇಳಿದ.

ನಿಜವಾದ ಸಂಖ್ಯೆ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ಬಿಟ್ಟಾಗ ಬಂದದ್ದು, "ಅದೇ, ಎರ್ಡ್ ಲಕ್ಷ."

ಗೋಪಿ ಬೆರಳು ಮಡಚಿದ. "ಹಂಗಾರ್ ಒಬ್ಬೊಬ್ಬಂಗ್ ಹದಿನಾರ್ ಸಾವ್ರದ್ ಮೇಲ್ ಬಂದಿರ್ಕ್. ನಂಗ್ ಬರ್ಲಿಲ್ಲೆ. ನಿಂಗ್ ಬಂತನಾ?" ಯಾರಿಗೂ ಬಂದಿರಲಿಲ್ಲ. ಬರುವುದಾದರೂ ಹೇಗೆ?

"ಕುಷ್ಟಣ್ಣ, ಹಳೆ ಜನ ಅಂತ ಅವ್ನ್ ಉಳ್ಸುಕೆ ಹೇಳ್ತ್ರಿ. ನಮ್ಗ್ ಅರ್ಥ ಆತ್ತ್. ನಿಮ್ಮದ್ ದೊಡ್ಡ್ ಮನ್ಸ್."

ಬಾಕಿಯವರೂ ದೊಡ್ಡ ಮನಸ್ಸು ಎಂದರು. ಒಬ್ಬ ನನ್ನ ಭುಜ ಮುಟ್ಟಿದ. ನಾನು ಅಲ್ಲ ಎನ್ನಲಿಲ್ಲ. ಮನೆಗೆ ಬಂದು ಕನ್ನಡಕ ತೆಗೆದಿಟ್ಟೆ. ಉಪ್ಪುನೀರಿಗೆ ಅದರ ಬಂಗಾರ ಆಗಲೇ ಏಳುತ್ತಿದೆ.

ಆಗಸ್ಟ್ 24, ಭಾನುವಾರ

ಲೆಕ್ಕಕ್ಕೆ ಕೂತಿದ್ದಾಗ ರತ್ನ ಬಂದಳು. ಚಪ್ಪರದೊಳಗೆ ಹೆಂಗಸರು ಬರುವ ವಾಡಿಕೆಯಿಲ್ಲ. ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ನನ್ನ ಮುಂದಿಟ್ಟಳು.

"ಐದ್ ಸಾವ್ರದ್ ಇನ್ನೂರ್ ಇತ್ತ್. ಪಾಲಗ್ ಹೆಚ್ಚ್ ಬಂದದ್ದೂ, ಲುಕ್ಸಾನಿನ್ ಪಾಲೂ ಕೂಡ್ಸಿ. ಒಂದೊಂದ್ ಮನಿದ್ ಅಷ್ಟೇ ಅಂತ ಧನ್ಯ ಲೆಕ್ಕ ಹಾಕಿ ಹೇಳ್ಲ್. ನಮ್ಮನಿದ್ ಕೊಡುಕ್ ಹೇಳಿ ಹೋಯ್ರ್ ಅವ್ರ್."

ಆ ಶಬ್ದ ಚಪ್ಪರದಡಿ ಬಿದ್ದ ಕೂಡಲೇ ಎಲ್ಲರೂ ಸೆಟೆದು ಕೂತರು. ಗೋಪಿ ನಕ್ಕ.

"ಕಂಡ್ರ್ಯಾ? ಕಂತಿನ್ ಮೇಲ್ ವಾಪಾಸ್ ಕೊಡುಕ್ ಶುರು ಮಾಡ್ದ. ಕಳ್ಳ ಅಲ್ದಿದ್ರೆ ಎಂತಕ್ ಕೊಡ್ಕ್?"

ಎಲ್ಲರೂ ನಕ್ಕರು. ರತ್ನ ನಗುವವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅವಳು ಕಾಯುತ್ತಿದ್ದಳು. ಆಗ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ನಾನು ನೋಟು ಎತ್ತಿಕೊಂಡೆ. ಎಣಿಸಿದೆ. "ಸಮ ಇತ್ತ್" ಎಂದೆ.

ಆಗಸ್ಟ್ 25

ರತ್ನಳ ನೋಟನ್ನು ಎರಡು ಸಲ ಎಣಿಸಿದ್ದೆ.

ಆಗಸ್ಟ್ 31, ಭಾನುವಾರ

ಚಪ್ಪರದಡಿ ಪಾಸ್‌ಬುಕ್ಕನ್ನು ಗೋಪಿಯ ಕೈಗೆ ಕೊಟ್ಟು ಗಟ್ಟಿಯಾಗಿ ಓದು ಎಂದೆ. ಓದಿದ. ಮೂರು ಲಕ್ಷ ಎಲ್ಲಿ ಎಂದು ಕೇಳಿದರು. ಇರಲೇ ಇಲ್ಲ, ಮೊದಲಿನಿಂದಲೂ ಒಂದು ಲಕ್ಷದ ಆಚೀಚೆ ಎಂದೆ. ಫೋನಿಗೆ ನಾನು ಏನು ಮಾಡಿದೆ, ಯಾಕೆ ಮಾಡಿದೆ, ದಡದಲ್ಲಿ ಎರಡು ಲಕ್ಷ ಎಂದದ್ದು ಯಾಕೆ, ಎಲ್ಲ ಹೇಳಿದೆ. ಹೋದದ್ದು ಎಷ್ಟೆಂದೂ ಹೇಳಿದೆ. ಕನ್ನಡಕ ಮಾರಿದ್ದೂ ಕೈಯಲ್ಲಿದ್ದದ್ದೂ ಸೇರಿಸಿ ನನ್ನ ಮನೆಯ ಐದು ಸಾವಿರದ ಇನ್ನೂರನ್ನು ರತ್ನಳ ದುಡ್ಡಿನ ಪಕ್ಕ ಇಟ್ಟೆ.

ಗೋಪಿ ಪಾಸ್‌ಬುಕ್ ಮುಚ್ಚಿ ಕೆಳಗಿಟ್ಟ. "ಇದೂ ಸುಳ್ಳಲ್ಲ ಅಂತ ಹ್ಯಾಂಗ್ ನಂಬುದ್, ಕುಷ್ಟಣ್ಣ?" ಎಂದ. ತಮಾಷೆಗಲ್ಲ, ನಿಜವಾಗಿಯೂ ಕೇಳಿದ. ಮೂರನೆಯವರು ಯಾರೂ ದುಡ್ಡು ಇಡಲಿಲ್ಲ. ಇನ್ನು ದೋಣಿಯ ಮುಂದೆ ತಂಡೇಲನಾಗಿ ಗೋಪಿ ನಿಲ್ಲುತ್ತಾನೆ, ನಾನು ಹಗ್ಗ ಎಳೆಯುವವರ ಸಾಲಿನಲ್ಲಿ.

ಜಲಜ ರತ್ನಳಿಗೆ ಹೇಳಿ ಬಂದಳು. ರತ್ನ ಬಾಗಿಲಲ್ಲೇ ನಿಂತು ಕೇಳಿ, "ಚಪ್ಪರದಡಿ ಇದ್ದದ್ದ್ ಹತ್ತ್ ಜನ. ಬಸ್ಸಗ್ ಹೇಳುದ್ ಯಾರ್?" ಎಂದಳಂತೆ.

ಸೆಪ್ಟೆಂಬರ್ 1

ಬೆಳಿಗ್ಗೆ ಬ್ರಹ್ಮಾವರದ ಬಸ್ಸು ಹತ್ತಿದೆ. ಗಂಡಸರು ಆ ಬಸ್ಸಿನ ಹಿಂದಿನ ಸೀಟುಗಳಿಗೆ ಹೋಗುವುದಿಲ್ಲ, ಅದು ಮೀನು ಮಾರುವ ಹೆಂಗಸರದ್ದು. ರತ್ನ ಕಂಬ ಹಿಡಿದು ನಿಂತಿದ್ದಳು. ಜಲಜಳ ಪಕ್ಕದ ಜಾಗ ಖಾಲಿಯೇ ಇತ್ತು.

ನಡುವೆ ನಿಂತು ಹೇಳಿದೆ. ನಾನು ಬೀಜಾಡಿಯ ಕುಷ್ಟ. ಗಣಪ ಕಳ್ಳನಲ್ಲ. ತಪ್ಪು ಮಾಡಿದ್ದು ನಾನು, ಗೊತ್ತಾದ ಮೇಲೂ ಸುಳ್ಳು ಹೇಳಿದ್ದು ನಾನು. "ಎಂಥದ್ ಕುಡ್ದ್ ಬಂದದ್ದಾ ಈ ಜನ?" ಎಂದು ಯಾರೋ ಹೇಳಿದರು. ಕಂಡಕ್ಟರ್ ಟಿಕೆಟ್ ಕೇಳಿದ. ರತ್ನ ಕಿಟಕಿಯಾಚೆ ನೋಡುತ್ತಲೇ ಇದ್ದಳು, ಕೂರಲಿಲ್ಲ.

ಬುಟ್ಟಿಯ ಮೇಲೆ ಕೈಯಿಟ್ಟು ಕೂತಿದ್ದ ಒಬ್ಬಳು ಮುದುಕಿ, ಎಷ್ಟು ದುಡ್ಡು ಹೋದದ್ದು ಎಂದು ಕೇಳಿದಳು. ಹೇಳಿದೆ. ಬಸ್ಸಿನ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. ಕಿವಿಯ ಹತ್ತಿರ ಬಗ್ಗಿದೆ.

"ಅರ್ವತ್ತೆರ್ಡ್ ಸಾವ್ರದ್ ನಾನೂರ್."

"ಅಷ್ಟಕ್ಕಾ?" ಎಂದಳು.

ಅಷ್ಟಕ್ಕೇ. ಅರವತ್ತೆರಡು ಸಾವಿರದ ನಾನೂರು ರೂಪಾಯಿ.